ಬೆಂಚಿನ ಪಕ್ಕದ ನೆಲ

ಟೈಫಾಯ್ಡ್ ಬಂದು ಎರಡು ವಾರ ಮನೆಯಲ್ಲಿ ಬಿದ್ದುಕೊಂಡಾಗಲೇ ನಮ್ಮ ಅಪಾರ್ಟ್‌ಮೆಂಟಿಗೂ ಹಗಲು ಅಂತ ಒಂದಿದೆಯೆಂದು ನನಗೆ ಗೊತ್ತಾದದ್ದು. ತೆಲುಗರ ಊರಲ್ಲಿ, ಗಚ್ಚಿಬೌಲಿಯ ಆಚೆ ಮನೆ ಕೊಂಡು ಆರು ವರ್ಷವಾಗಿತ್ತು. ಬೆಳಿಗ್ಗೆ ಎಂಟಕ್ಕೆ ಹೊರಟರೆ ಕತ್ತಲಾದ ಮೇಲೆ ಬರುವವನು ನಾನು. ನಡುವಿನ ಹೊತ್ತಿನಲ್ಲಿ ಅಲ್ಲಿ ನಾಯಿಯೂ ಬೊಗಳುವುದಿಲ್ಲ ಎಂದೇ ತಿಳಿದಿದ್ದೆ.

ಹನ್ನೊಂದು ಗಂಟೆಗೆ ಬಾಲ್ಕನಿಯ ಕುರ್ಚಿಯಲ್ಲಿ ಕೂತರೆ ಕೆಳಗೆ ಒಂದು ಊರೇ ನೆರೆದಿರುತ್ತಿತ್ತು. ಮನೆಗೆಲಸದ ಹೆಂಗಸರು ಅರ್ಧ ಮನೆಗಳನ್ನು ಮುಗಿಸಿ ಪಾರ್ಕಿನ ಬೇವಿನ ಮರದಡಿ ಬುತ್ತಿ ಬಿಚ್ಚುತ್ತಿದ್ದರು. ಯಾದಗಿರಿ, ರಾಯಚೂರು ಕಡೆಯವರು. ಆರು ವರ್ಷ ನಾನು ಅವರ ಜೊತೆ ಹಿಂದಿಯಲ್ಲೇ ಮಾತಾಡಿದ್ದೆ. ಇಲ್ಲಿ ನೋಡಿದರೆ ನಗು, ಜಗಳ, ಅತ್ತೆಯರನ್ನು ಆಡಿಕೊಳ್ಳುವುದು, ಎಲ್ಲ ಕನ್ನಡದಲ್ಲಿ. ಅವರ ನಡುವೆ ನಮ್ಮ ಅವ್ವ. ಕಲಬುರಗಿ ಬಿಟ್ಟು ನಮ್ಮ ಜೊತೆ ಇರಲು ಬಂದಾಗಿನಿಂದ ಮನೆಯಲ್ಲಿ ಹೂಂ, ಊಹೂಂ ಬಿಟ್ಟರೆ ಮಾತಿಲ್ಲದವಳು, ಅಲ್ಲಿ ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು.

ಆಮೇಲೆ ಗಮನಿಸಿದೆ. ಎಲ್ಲರೂ ನೆಲದ ಮೇಲೆ ಕೂತಿದ್ದರು, ಅವ್ವನೂ. ಪಕ್ಕದಲ್ಲೇ ಎರಡು ಬೆಂಚು ಖಾಲಿ. ಅವಳ ಮೊಣಕಾಲು ಸವೆದಿದೆ, ನೆಲದ ಮೇಲೆ ಕೂರಲೇಬಾರದು ಎಂದು ಡಾಕ್ಟರು ಹೇಳಿದ್ದರು. ಸಂಜೆ ಊದಿದ ಕಾಲು ನೋಡಿ ಎರಡು ತಿಂಗಳಿಂದ ನಾನು ಗದರುತ್ತಲೇ ಇದ್ದೆ.

ಬೆಂಚು ಯಾಕೆ ಖಾಲಿ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಕೆಲಸದವರು ಬೆಂಚಿನ ಮೇಲೆ ಕೂರಬಾರದು ಎಂಬ ಇಂಗ್ಲಿಷ್ ನೋಟಿಸನ್ನು ಆ ಮರಕ್ಕೆ ಹಾಕಿಸಿದ್ದು ನಮ್ಮ ಸೊಸೈಟಿ ಕಮಿಟಿ, ಅದೂ ಎರಡು ತಿಂಗಳ ಹಿಂದೆ. ಬರೆದು ಕೆಳಗೆ ಕಾರ್ಯದರ್ಶಿ ಎಂದು ಹೆಸರು ಹಾಕಿದವನು ನಾನು. ಭಾನುವಾರದ ಸಭೆಯಲ್ಲಿ ಸಮೋಸ ತಿನ್ನುತ್ತ ಐದು ನಿಮಿಷದಲ್ಲಿ ಮುಗಿಸಿದ ಕೆಲಸ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವಳು ಅವ್ವ.

ಅವಳು ಮೇಲೆ ಬಂದಾಗ ಕೇಳಿದೆ, "ನೀ ಆದ್ರೂ ಬೆಂಚಿನ ಮ್ಯಾಲೆ ಕುಂದರಬಾರದೇನವ್ವ? ನಿನಗ್ಯಾರು ಬ್ಯಾಡಂತಾರ?"

"ಅವರು ಕೆಳಗ ಕುಂತು ಉಣ್ಣಾಕತ್ತಾಗ ನಾ ಒಬ್ಬಾಕಿ ಮ್ಯಾಲೆ ಹೆಂಗ ಕುಂದರಲಿ?"

ನಾನು ನೋಟಿಸಿನ ಮಾತೆತ್ತಲಿಲ್ಲ. ಅವಳಿಗೆ ಇಂಗ್ಲಿಷ್ ಬಾರದು ಎಂಬ ಧೈರ್ಯ. ಅವಳು ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ತಾನೇ ಹೇಳಿದಳು.

"ಅವರಾಗ ಒಬ್ಬಾಕಿ ಹತ್ತನೇತ್ತ ತನಕ ಸಾಲಿ ಕಲ್ತಾಳ. ಮರಕ್ಕ ಹಚ್ಚಿದ್ದನ್ನ ಓದಿ, ಅವ್ವಾರ, ಇದು ನಿಮ್ಮ ಮಗನ ಹೆಸರಲ್ಲೇನ್ರಿ ಅಂದ್ಲು."

"ನೀ ಏನಂದಿ?"

"ಆ ಹೆಸರಿನವರು ಭಾಳ ಮಂದಿ ಇರ್ತಾರವ್ವ, ನನ್ನ ಮಗ ಅಂಥಾಂವಲ್ಲ ಅಂದೆ."

ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ಎಣ್ಣೆಯ ಬಟ್ಟಲು ಎತ್ತಿಕೊಂಡು ನನಗೆ ಗಂಜಿ ಕಾಸಲು ಹೋದಳು.

ಜ್ವರ ಬಿಟ್ಟ ಮೇಲಿನ ಸಭೆಯಲ್ಲಿ, ಆ ನೋಟಿಸ್ ತೆಗೆದುಬಿಡೋಣ ಎಂದೆ. "ನೀವೇ ತಾನೇ ಬರೆದದ್ದು?" ಎಂದು ಯಾರೋ ಹಿಂದಿಯಲ್ಲಿ ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕು ಸಮೋಸದ ತಟ್ಟೆ ಪಕ್ಕದವರಿಗೆ ದಾಟಿಸಿದೆ. ನೋಟಿಸ್ ಇನ್ನೂ ಮರದ ಮೇಲಿದೆ. ಅವ್ವನ ಕಾಲು ಸಂಜೆ ಊದುತ್ತದೆ. ನಾನು ಗದರುವುದನ್ನು ಬಿಟ್ಟಿದ್ದೇನೆ.