ದೇವಾಪುರದ ಕ್ಯಾಸೆಟ್ಟು, ವಡಗೇರಾದ ಕ್ಯಾಸೆಟ್ಟು

ಲಾಲಪ್ಪನಂಥ ಹಟಮಾರಿ ಸುರಪುರ ಸೀಮೆಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. ಕಾಲುವೆಯ ಗೇಟು ತಿರುಗಿಸಿ ಹೊಲಗಳಿಗೆ ಪಾಳಿಯ ಪ್ರಕಾರ ನೀರು ಬಿಡುವುದು ಅವನ ಕೆಲಸ. ಮದುವೆ ಆಗಲಿಲ್ಲ, ಬಯಲಿನ ನಡುವಿನ ಕ್ವಾರ್ಟರ್ಸಿನಲ್ಲಿ ಒಬ್ಬನೇ. ಜೊತೆಗಿದ್ದದ್ದು ಒಂದು ಟೇಪ್‌ರೆಕಾರ್ಡರ್, ಹಂಪಣ್ಣನ ಬ್ಯಾಂಜೋ ಪಾರ್ಟಿಯ ಎರಡು ಕ್ಯಾಸೆಟ್ಟು, ಮತ್ತು ಆ ಕ್ಯಾಸೆಟ್ಟುಗಳ ಮೇಲೆ ಜಗಳಾಡಲು ಶಹಾಪುರದ ಟೇಲರ್ ಬಾಷುಮಿಯಾ.

ಎರಡರಲ್ಲೂ ಅವೇ ಹಾಡುಗಳು. ಒಂದನ್ನು ದೇವಾಪುರದ ಕಾರ್ಯಕ್ರಮದಲ್ಲಿ ಇಬ್ಬರೂ ಸ್ಟೇಜಿಗೆ ಅಂಟಿ ಕೂತು ರೆಕಾರ್ಡ್ ಮಾಡಿದ್ದರು. ಮುಂದೆ ವಡಗೇರಾದಲ್ಲಿ ಕಾರ್ಯಕ್ರಮವಾದಾಗ ಲಾಲಪ್ಪನಿಗೆ ಗೇಟಿನ ಡ್ಯೂಟಿ. ಬಾಷುಮಿಯಾ ಒಬ್ಬನೇ ಹೋಗಿ ರೆಕಾರ್ಡ್ ಮಾಡಿ ತಂದ, ಒಂದು ಕಾಪಿ ಇವನಿಗೂ ಕೊಟ್ಟ. ತನ್ನನ್ನು ಬಿಟ್ಟು ಹೋದನಲ್ಲ ಅಂತ ಲಾಲಪ್ಪನಿಗೆ ಹೊಟ್ಟೆ ಉರಿಯಿತು. ಬಾಯಿ ಬಿಟ್ಟು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹೇಳಿದನೇ? ಎಲ್ಲಿಯ ಮಾತು! ಸಿಟ್ಟನ್ನೆಲ್ಲ ಕ್ಯಾಸೆಟ್ಟಿನ ಮೇಲೆ ತೀರಿಸಿದ.

"ದೇವಾಪುರದ್ದು ಕೇಳಲೇ. ಢೋಲಕ್ ಹೆಂಗ ಓಡತದ! ನಿನ್ನ ವಡಗೇರಾದ್ದು ಸಪ್ಪನ ಬ್ಯಾಳಿ."

"ಕಡೀತನಕ ಕೇಳೋ ಮಾರಾಯಾ. ಕಡೀ ಹಾಡು ಕೇಳು," ಅನ್ನುತ್ತಿದ್ದ ಬಾಷುಮಿಯಾ.

ಕೊನೆಯ ಹಾಡು ಬರುವ ಮೊದಲೇ ಲಾಲಪ್ಪ ಪಟ್ಟನೆ ಬಂದ್ ಮಾಡುತ್ತಿದ್ದ. ಪ್ರತಿ ಭಾನುವಾರ ಈ ಜಗಳ, ಮೇಲೊಂದು ಚಹಾ. ಬಾಷುಮಿಯಾ ಯಾದಗಿರಿಯ ಮಗಳ ಮನೆ ಸೇರಿದ ಮೇಲೆ ಅದೂ ನಿಂತಿತು. ಜಗಳಾಡುವವರಿಲ್ಲದ ಭಾನುವಾರ ಬಹಳ ಉದ್ದ. ಲಾಲಪ್ಪ ದೇವಾಪುರದ್ದನ್ನು ಹಾಕಿ, "ಈಗ ಏನಂತಿ?" ಎಂದು ಗೋಡೆಯನ್ನು ಕೇಳಿ, ತಾನೇ ನಾಚಿಕೊಳ್ಳುತ್ತಿದ್ದ.

ಮೊನ್ನೆ ಟೇಪ್‌ರೆಕಾರ್ಡರ್ ದೇವಾಪುರದ ರೀಲನ್ನು ನುಂಗಿ ಚಿಂದಿ ಮಾಡಿತು. ಬೇರೆ ದಾರಿಯಿಲ್ಲದೆ ವಡಗೇರಾದ್ದನ್ನು ಹಾಕಿದ. ಈ ಸಲ ಬಂದ್ ಮಾಡಲು ಮನಸ್ಸಾಗಲಿಲ್ಲ. ಕೊನೆಯ ಹಾಡಿನ ಕೊನೆಯ ಸಾಲಿಗೆ ಢೋಲಕ್ ಸುಮ್ಮನಾಯಿತು. ಹಂಪಣ್ಣ ಒಬ್ಬನೇ ಹಾಡಿದ. ಆಮೇಲೆ, ತುಸು ತಡೆದು, ಢೋಲಕ್ಕಿನ ಒಂದೇ ಒಂದು ಪೆಟ್ಟು ಬಿತ್ತು. ಲಾಲಪ್ಪನ ಕಣ್ಣು ತುಂಬಿ ಬಂತು. ಅಯ್ಯೋ, ಇಷ್ಟು ವರ್ಷ ಇದನ್ನು ಕೇಳದೆ ಕೂತೆನಲ್ಲ! ನಿನ್ನದೇ ಛಲೋ ಅಂತ ಬಾಷುಮಿಯಾಗೆ ಹೇಳಲೇಬೇಕು. ಟೇಪ್‌ರೆಕಾರ್ಡರನ್ನು ಚೀಲಕ್ಕೆ ಹಾಕಿಕೊಂಡು ಯಾದಗಿರಿಯ ಬಸ್ಸು ಹತ್ತಿದ.

ಬಾಗಿಲಲ್ಲೇ ಮಗಳು ಹೇಳಿದಳು: "ಅಬ್ಬಾಗ ಈಗ ಏನೂ ಕೇಳಸಂಗಿಲ್ರಿ ಚಾಚಾ. ಕಿವಿ ಪೂರಾ ಹೋಗ್ಯಾವ."

ಲಾಲಪ್ಪ ಚೀಲ ಹಿಡಿದುಕೊಂಡೇ ಒಳಗೆ ಹೋದ. ಬಾಷುಮಿಯಾ ಗೆಳೆಯನನ್ನು ನೋಡಿದ್ದೇ ತಡ, ಕೈ ಹಿಡಿದು ಮಂಚದ ಮೇಲೆ ಕೂರಿಸಿಕೊಂಡ. ಲಾಲಪ್ಪ ಚೀಲ ಬಿಚ್ಚಲಿಲ್ಲ. ಗೆಳೆಯನ ಮೊಣಕಾಲ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದ. ಕೊನೆಯ ಸಾಲಿಗೆ ಬೆರಳು ನಿಲ್ಲಿಸಿದ. ತಡೆದ. ಒಂದು ಪೆಟ್ಟು ಕೊಟ್ಟ.

"ವಡಗೇರಾ!" ಬಾಷುಮಿಯಾ ಕೂಗಿಯೇ ಬಿಟ್ಟ. "ಕಡೀಕ ಕೇಳಿದೇನಲೇ, ಲಾಲ್ಯಾ?"

ಲಾಲಪ್ಪ ಹೌದೆಂದು ತಲೆಯಾಡಿಸಿದ. ಬಾಷುಮಿಯಾ ನಕ್ಕು ಅವನ ತೊಡೆಯ ಮೇಲೆ ತನ್ನ ಬೆರಳು ಓಡಿಸಿದ. ಚುರುಕು ತಾಳ, ಒಂದು ಪೆಟ್ಟೂ ಬಿಡದೆ, ಥೇಟ್ ದೇವಾಪುರದ್ದು. ಆ ಕ್ಯಾಸೆಟ್ಟು ಚಿಂದಿಯಾದದ್ದು ಅವನಿಗೆ ಗೊತ್ತಿರಲಿಲ್ಲ.

"ಅದೂ ಛಲೋನ ಇತ್ತಪಾ," ಅಂದ. "ಇನ್ನ ಮ್ಯಾಲೆ ಎರಡೂ ನೀನ ಕೇಳು. ನನ್ನ ಪಾಲಿಂದೂ."

ಆಗಲಿ ಎಂದು ಲಾಲಪ್ಪ ತಲೆಯಾಡಿಸಿದ.