ಕಾಕಾ ಎಂಜಿನ್ ನಿಲ್ಲಿಸಿದ ಬೆಳಗ್ಗೆ

ನನ್ನ ಮಗಳು ಹಾಡು ಬರೆದು ತಾನೇ ಹಾಡುತ್ತಾಳೆ ಅಂದರೆ ನೆಂಟರು ಮೊದಲು ಕೇಳುವುದು, ಯಾವ ಸಿನಿಮಾಕ್ಕೆ ಅಂತ. ಸಿನಿಮಾಕ್ಕಲ್ಲ ಅಂದರೆ, ಹಾಗಾದರೆ ದೇವರ ಹಾಡಾ ಅಂತಾರೆ. ಅದೂ ಅಲ್ಲ ಅಂದ ಮೇಲೆ ಪಾಪ, ಅವರಿಗೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ. ಕಾಫಿ ಕುಡಿದು, ಮೆಣಸಿನ ರೇಟು ಮಾತಾಡಿ ಎದ್ದು ಹೋಗುತ್ತಾರೆ.

ನನಗೂ ಮೊದಲು ತಿಳಿದಿರಲಿಲ್ಲ. ಮೂಡಿಗೆರೆಯ ಶಾಲೆಯಲ್ಲಿ ಪಾಠ ಹೇಳಿ ಸಂಜೆ ಬಣಕಲ್ಲಿನಲ್ಲಿ ಬಸ್ಸಿಳಿದು ಬರುವ ಮಗಳು, ಕಿವಿಗೆ ಹಾಕಿಕೊಂಡದ್ದನ್ನು ತೆಗೆಯದೆ ಊಟಕ್ಕೆ ಕೂರುತ್ತಿದ್ದಳು. ಒಮ್ಮೆ ಗದರಿದ್ದಕ್ಕೆ ಅದರ ಒಂದು ತುದಿಯನ್ನು ನನ್ನ ಕಿವಿಗೇ ಸಿಕ್ಕಿಸಿದಳು. ಯಾರೋ ಹೆಂಗಸು, ಒಂದೇ ಗಿಟಾರ್ ಇಟ್ಟುಕೊಂಡು, ಪಕ್ಕದಲ್ಲಿ ಕೂತು ಮನೆ ಸುದ್ದಿ ಹೇಳುವ ಹಾಗೆ ಹಾಡುತ್ತಿದ್ದಳು. ಭಾಷೆ ತಿಳಿಯಲಿಲ್ಲ. ಆದರೆ ಅವಳಿಗೆ ಏನೋ ಬೇಜಾರಾಗಿದೆ, ಅದನ್ನು ದೊಡ್ಡದು ಮಾಡಲು ಮನಸ್ಸಿಲ್ಲ ಅನ್ನುವುದು ತಿಳಿಯಿತು. ಇದಕ್ಕೆ ಇಂಡಿ ಅಂತಾರಂತೆ. ತಾವೇ ಬರೆದು, ತಾವೇ ರಾಗ ಕಟ್ಟಿ, ಯಾರ ಮರ್ಜಿಯನ್ನೂ ಕಾಯದೆ ಹೊರಗೆ ಬಿಡುವ ಹಾಡುಗಳು. ಆಲ್ಬಂ ಅಂದರೆ ನಡುವಿನಿಂದ ಒಂದನ್ನು ಎತ್ತಿ ಕೇಳಬಾರದು, ಮೊದಲಿಂದ ಕೊನೆಯತನಕ ಕೂರಬೇಕು ಅಂತ ಮಗಳ ಕಟ್ಟಪ್ಪಣೆ. ಪಾತ್ರೆ ತೊಳೆಯುತ್ತಾ ನಾನೂ ಹಾಗೆ ಎಷ್ಟೋ ಕೇಳಿದೆ.

ಆಮೇಲೆ ಅವಳು ತನ್ನದೇ ಆಲ್ಬಂ ಶುರು ಮಾಡಿದಳು. ಅದರೊಳಗಿನ ಮಾತುಗಳ ಗುರುತು ನನಗೆ ಹತ್ತಿತು. ನಾನು ಬೆಳೆದದ್ದು ಕುದುರೆಮುಖದ ಕ್ವಾರ್ಟರ್ಸಿನಲ್ಲಿ, ಅಪ್ಪನಿಗೆ ಅಲ್ಲಿ ಗಣಿ ಕೆಲಸ. ಅಕ್ಕಪಕ್ಕದವರು ಒಬ್ಬೊಬ್ಬರು ಒಂದೊಂದು ಭಾಷೆಯವರು. ನನಗೆ ಕನ್ನಡ ಕಲಿಸಿದ್ದು ಅಜ್ಜಿ. ಮಳೆ ಒಂದು ಗಳಿಗೆ ಬಿಟ್ಟರೆ ಅಜ್ಜಿ ಬಾಗಿಲಿಗೆ ಬಂದು, ‘ಹೊಳವಾಯ್ತು, ಬಟ್ಟೆ ಹಾಕ್ರೇ’ ಅನ್ನುವರು. ಮಗಳು ಆಲ್ಬಮ್ಮಿಗೆ ‘ಹೊಳವು’ ಅಂತಲೇ ಹೆಸರಿಟ್ಟಳು. ಕೊನೆಯ ಹಾಡು ನಮ್ಮ ಆ ಕ್ವಾರ್ಟರ್ಸಿನದು. ಗಣಿ ನಿಂತು ಜನ ಖಾಲಿಯಾದ ಎಷ್ಟೋ ವರ್ಷಗಳ ಮೇಲೆ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ‘ಅಮ್ಮ ಬಟ್ಟೆ ಹರವಿದ ತಂತಿ ಹಾಗೇ ಇದೆ, ಈಗ ಅದರ ಮೇಲೆ ಮಂಜು ಒಣಗುತ್ತದೆ’ ಅಂತ ಅವಳು ಬರೆದಳು. ಅಲ್ಲಿ ಹುಟ್ಟಿ ಬೆಳೆದ ನನಗೆ ಹೇಳಲು ಬಾರದ ಮಾತು.

ಉಳಿದ ಹಾಡುಗಳೆಲ್ಲ ನಮ್ಮ ಕಾಫಿ ತೋಟದ ಗೋದಾಮಿನಲ್ಲಿ ಸಲೀಸಾಗಿ ರೆಕಾರ್ಡ್ ಆದವು. ಸುತ್ತಲೂ ಒಣಗಿದ ಕಾಫಿ ಮೂಟೆ ಒಟ್ಟಿದ್ದರಿಂದ ದನಿ ಗೋಡೆಗೆ ಬಡಿದು ವಾಪಸ್ ಬರುವುದಿಲ್ಲ ಅಂತ ಅವಳೇ ಕಂಡುಕೊಂಡಿದ್ದಳು. ಈ ಕೊನೆಯ ಹಾಡಿನ ಹೊತ್ತಿಗೆ ಸರಿಯಾಗಿ ಆಚೆ ತೋಟದ ಕಾಕಾ ಕೆರೆಗೆ ಡೀಸೆಲ್ ಎಂಜಿನ್ ಇಟ್ಟರು. ಅವರದ್ದೂ ತಪ್ಪಲ್ಲ. ಕಾಫಿ ಹೂವಾದ ಮೇಲೆ ಬ್ಯಾಕಿಂಗ್ ಅನ್ನುವ ಎರಡನೇ ನೀರು ಬಿದ್ದರೇ ಕಾಯಿ ಕಚ್ಚುವುದು. ಅದನ್ನು ಕೊಡುವಾಗ ಹಗಲು ರಾತ್ರಿ ಅಂತಿಲ್ಲ. ಇತ್ತ ಚಿಕ್ಕಮಗಳೂರಿನ ಗೆಳತಿಯಿಂದ ತಂದ ಒಳ್ಳೆಯ ಮೈಕ್ ಆ ದಿನ ಸಂಜೆಯ ಬಸ್ಸಿಗೆ ವಾಪಸ್ ಹೋಗಬೇಕು. ಈ ಹಾಡನ್ನು ಬಿಟ್ಟೇ ಬಿಡೋಣಮ್ಮ ಅಂದಳು ಮಗಳು, ಮುಖ ಬಾಡಿಸಿಕೊಂಡು. ನಾನು ಚಪ್ಪಲಿ ಮೆಟ್ಟಿಕೊಂಡು ಕೆರೆಯ ಹತ್ತಿರ ಇಳಿದೆ.

ಕಾಕಾ ಪೈಪ್ ಬದಲಿಸುವವರ ಜೊತೆ ನಿಂತಿದ್ದರು. ಅರ್ಧ ಗಂಟೆ ಎಂಜಿನ್ ನಿಲ್ಲಿಸಬಹುದಾ ಅಂತ ಕೇಳಿದೆ. ನನ್ನನ್ನೇ ನೋಡಿದರು.

“ಮಾರಾಯ್ತಿ, ನನ್ನ ಮಗಳ ನಿಕಾಹ್ ದಿನಾನೂ ಓಡ್ತಾ ಇತ್ತು ಇದು.”

ಹಾಡಿನ ವಿಷಯ ಹೇಳಿದೆ. ಸಿನಿಮಾಕ್ಕಾ ಅಂದರು. ಅಲ್ಲ ಕಾಕಾ, ಅವಳದ್ದೇ ಹಾಡು ಅಂದೆ.

“ಅವಳದ್ದೇ ಆದ್ರೆ ನಿಲ್ಸಬಹುದು. ಸಿನಿಮಾದವರಾಗಿದ್ರೆ ಡೀಸೆಲ್ ದುಡ್ಡು ಇಸ್ಕೊಳ್ತಿದ್ದೆ.”

ಎಂಜಿನ್ ನಿಂತಿತು. ಸ್ಪ್ರಿಂಕ್ಲರುಗಳು ಒಂದೊಂದಾಗಿ ತಲೆ ತಗ್ಗಿಸಿದವು. ಕಾಕಾ ನನ್ನ ಹಿಂದೆಯೇ ಬಂದು, ಗೋದಾಮಿನ ಮುಂದೆ ಕಾಫಿ ಒಣಗಿಸುವ ಕಣದ ಕಟ್ಟೆಯ ಮೇಲೆ ಕೂತರು. ಮಗಳು ಗೋದಾಮಿನ ಬಾಗಿಲು ಹಾಕಿಕೊಂಡಳು. ಹಾಡು ಶುರುವಾಯಿತು, ಮುಗಿಯಿತು. ಎಲ್ಲೂ ತಪ್ಪಿಲ್ಲ. ಹೊರಗೆ ಬಂದವಳೇ, ಆಯ್ತು ಕಾಕಾ, ಉಪಕಾರವಾಯ್ತು, ಎಂಜಿನ್ ಹಾಕಿಸಿ ಅಂದಳು.

ಕಾಕಾ ಏಳಲಿಲ್ಲ.

“ಚಂದ ಇತ್ತು ಮಗಾ. ಆದ್ರೆ ಬಸ್ಸಿಗೆ ಓಡೋರ ಹಾಗೆ ಹಾಡಿದ್ಯಲ್ಲ? ಬಾಯಲ್ಲಿ ಹಾಡು, ತಲೇಲಿ ನನ್ನ ಎಂಜಿನ್ನು.”

ಮಗಳು ನನ್ನ ಕಡೆ ನೋಡಿದಳು. ನನಗೂ ಹಾಗೇ ಅನ್ನಿಸಿತ್ತು, ಹೇಳಲು ಬಾಯಿ ಬಂದಿರಲಿಲ್ಲ. ಹೌದು ಕಾಕಾ, ನಿಮ್ಮ ಹೊತ್ತು ಹಾಳಾಗ್ತಿದೆ ಅನ್ನೋದೇ ಯೋಚನೆ ಅಂದಳು.

“ಅರ್ಧ ಗಂಟೆ ಅಂದಿದ್ದು ನಿನ್ನಮ್ಮ. ನಾನಲ್ಲ. ಹೋಗು, ಸಾವಕಾಶ ಹಾಡು.”

ಅವಳು ಒಳಗೆ ಹೋದಳು. ಪೈಪಿನವರೂ ಅಷ್ಟರಲ್ಲಿ ಮೇಲೆ ಬಂದು ಕಣದ ಅಂಚಿಗೆ ಕೂತಿದ್ದರು, ಬೀಡಿ ಹಚ್ಚಿದವರು ಕೆಮ್ಮು ಬಂದೀತೆಂದು ಅದನ್ನೂ ಆರಿಸಿದರು. ಈ ಸಲ ಬಹಳ ಹೊತ್ತು ಗಿಟಾರ್ ಒಂದೇ ನುಡಿಯಿತು. ಆಮೇಲೆ ಅವಳ ದನಿ, ಎಲ್ಲಿಗೂ ಹೋಗಬೇಕಿಲ್ಲದವರ ದನಿ. ಬಟ್ಟೆ ತಂತಿಯ ಆ ಸಾಲು ಮುಗಿದ ಮೇಲೆ ದನಿ ಸ್ವಲ್ಪ ನಿಂತಿತು. ನಿಂತಷ್ಟು ಹೊತ್ತೂ ನಮ್ಮ ಆ ಮನೆ, ಹಿತ್ತಿಲು, ಆ ಬೀದಿ ಎಲ್ಲ ನನ್ನ ಕಣ್ಣೆದುರು ಇದ್ದವು. ನಾನು ಹೆತ್ತ ಮಗಳು ನನ್ನ ಊರನ್ನು ನನಗೆ ವಾಪಸ್ ಕೊಡುತ್ತಿದ್ದಾಳೆ, ಅದೂ ಇಷ್ಟು ಜನರ ಎದುರು ಅನ್ನಿಸಿತು.

ಆಲ್ಬಮ್ಮಿನಲ್ಲಿ ಇರುವುದು ಈ ಎರಡನೇ ಸಲದ್ದೇ. ಅವತ್ತು ಹಾಡು ಮುಗಿಸಿ ಬಾಗಿಲು ತೆರೆದು ಮಗಳೇ ಕಾಕಾನನ್ನು ಕೇಳಿದಳು, ಈಗ ಸರಿ ಆಯ್ತಾ ಅಂತ.

ಕಾಕಾ ಪಂಚೆ ಕೊಡವಿಕೊಂಡು ಎದ್ದರು.

“ಈಗ ಹಾಕ್ತೇನೆ ಎಂಜಿನ್” ಅಂದರು.