ಬೀಸಣಿಗೆ ಅಂಗಡಿಯಲ್ಲಿ ಅಮ್ಮ

ಅಕ್ಕ ಜಪಾನಿನ ಕ್ಯೋಟೋದಲ್ಲಿ ಓದುತ್ತಿದ್ದಾಗ ಅಪ್ಪ, ಅಮ್ಮ ಮತ್ತು ನಾನು ಬಂಟ್ವಾಳದಿಂದ ಅವಳನ್ನು ನೋಡಲು ಹೋಗಿದ್ದೆವು. ಒಂದು ಬೆಳಿಗ್ಗೆ ಅವಳು ನಮ್ಮನ್ನು ಆ ನಗರದ ಹಳೆಯ ಕೇರಿಗೆ ಕರೆದೊಯ್ದಳು. ಕಲ್ಲು ಹಾಸಿದ ಓಣಿಯ ಎರಡೂ ಬದಿಗೆ ಕಪ್ಪಾದ ಮರದ ಮನೆಗಳಿದ್ದವು. ತೆಳುವಾದ ಮಂಜಿನಲ್ಲಿ ಜನ ತೇಲಿದಂತೆ ನಡೆಯುತ್ತಿದ್ದರು. ನಮ್ಮ ದನಿಯೂ ತಾನಾಗಿ ತಗ್ಗಿತು.

ಗುಡ್ಡದ ದೇವಸ್ಥಾನಕ್ಕೆ ಅರ್ಧ ದಾರಿ ಹತ್ತಿದ ಮೇಲೆ ನೋಡಿದರೆ ಅಮ್ಮ ಇರಲಿಲ್ಲ. ಗಾಬರಿಯಿಂದ ಹಿಂದಿರುಗಿ ಹುಡುಕಿದೆವು. ಬೀಸಣಿಗೆ ಮಾಡುವ ಸಣ್ಣ ಅಂಗಡಿಯೊಂದರಲ್ಲಿ ಅವಳು ಅಲ್ಲಿಯ ಅಜ್ಜಿಯ ಎದುರು ಚಾಪೆಯ ಮೇಲೆ ಕೂತಿದ್ದಳು. ಅಜ್ಜಿ ನೆರಿಗೆ ನೆರಿಗೆಯಾಗಿ ಕಾಗದ ಮಡಚುತ್ತಿದ್ದರು. ಬೀಡಿ ಕಟ್ಟಿ ನಮ್ಮನ್ನು ಓದಿಸಿದ ಅಮ್ಮನ ಬೆರಳುಗಳು ಅದೇ ವೇಗದಲ್ಲಿ ಇನ್ನೊಂದು ಕಾಗದ ಮಡಚುತ್ತಿದ್ದವು.

"ಹೋಗುವ ಅಮ್ಮ, ದೇವಸ್ಥಾನ ನೋಡ್ಲಿಕ್ಕೆ ಉಂಟಲ್ಲ," ಎಂದಳು ಅಕ್ಕ.

"ನೀವು ಹೋಗಿ ಬನ್ನಿ. ನಾನು ಇವರೊಟ್ಟಿಗೆ ಇರ್ತೇನೆ."

ನಾವು ಯಾರೂ ಹೋಗಲಿಲ್ಲ. ಅಜ್ಜಿ ಎಲ್ಲರಿಗೂ ಚಹಾ ಕೊಟ್ಟರು. ಆಮೇಲೆ ಅಮ್ಮನ ಕೈ ಹಿಡಿದು, ಗಡುಸಾದ ಬೆರಳ ತುದಿಯನ್ನು ಮೆಲ್ಲನೆ ಮುಟ್ಟಿ ಏನೋ ಕೇಳಿದರು.

"ಎಷ್ಟು ವರ್ಷದ ಕೆಲಸ ಇದು ಅಂತ ಕೇಳ್ತಾರೆ," ಅಕ್ಕ ತಿಳಿಸಿದಳು.

ಊರಿನ ಮದುವೆ ಮನೆಗಳಲ್ಲಿ ಆ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದ ಅಮ್ಮ, ಅಲ್ಲಿ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಮೂವತ್ತು ವರ್ಷ ಅಂತ ಹೇಳು," ಎಂದಳು.

ಅಜ್ಜಿ ಚಾಪೆಗೆ ಹಣೆ ತಾಗುವಷ್ಟು ಬಾಗಿ ವಂದಿಸಿದರು. ಅಮ್ಮ ತಾನೂ ಹಾಗೆಯೇ ಬಾಗಿದಳು.